ಚುಕ್ಕಾಣಿ ಬಿಟ್ಟ ಕೈ

ನಮ್ಮೂರಿನ ದಡದ ಮೇಲೆ ಕಟ್ಟಿದ ದೋಣಿ ಯಾವುದೇ ಆಗಲಿ, ಚುಕ್ಕಾಣಿಯ ಮೇಲಿನ ಕೈ ಸರಿದ ಕೂಡಲೇ ಊರಿನತ್ತ ಮುಖ ತಿರುಗಿಸುತ್ತದೆ. ಗಾಳಿ ಎದುರಿಗಿರಲಿ, ನೀರಿನ ಸೆಳೆತ ಬೇರೆ ದಿಕ್ಕಿಗಿರಲಿ, ಅದು ಮೆಲ್ಲನೆ ತಿರುಗಿ ಮನೆಯ ದಾರಿ ಹಿಡಿಯುತ್ತದೆ. ಇದಕ್ಕೆ ಹೊಂದಿಕೊಂಡೇ ನಮ್ಮ ಬಾಳುವೆ ಸಾಗಿತ್ತು. ಬಲೆ ಎಳೆದು ದಣಿದವರು ಹಾಯಿಯ ನೆರಳಿನಲ್ಲಿ ಮಲಗಿ ನಿದ್ದೆ ಮಾಡುತ್ತಲೇ ದಡ ಸೇರುತ್ತಿದ್ದರು. ಮಗಳ ಮದುವೆಗೆ ಬಳುವಳಿಯಾಗಿ ದೋಣಿ ಕೊಡುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ಕೊಟ್ಟರೆ, ಅಳಿಯ ತೂಕಡಿಸಿದಾಗಲೆಲ್ಲ ಮಾವನ ಮನೆಯ ಬಾಗಿಲಿಗೆ ಬಂದಿಳಿಯುತ್ತಾನೆ.

ಇನ್ನೊಂದು ಮರ್ಯಾದೆಯೂ ನಮ್ಮಲ್ಲಿತ್ತು. ಕಡಲಿನಲ್ಲಿ ಸುಳಿಯನ್ನೋ ಮೋಡವನ್ನೋ ಕಂಡು ಎದೆಗುಂದಿದವನು ಕೈ ಬಿಟ್ಟು ಬರಿಗೈಯಲ್ಲಿ ಹಿಂದಿರುಗಿದರೆ, ದಡದಲ್ಲಿ ನಿಂತವರು ಅವನನ್ನು ಏನೂ ಕೆದಕುತ್ತಿರಲಿಲ್ಲ. "ದೋಣಿಗೆ ಮನೆ ನೆನಪಾಯ್ತು ಕಾಣ್ತದೆ" ಎನ್ನುತ್ತಿದ್ದರು. ಅವನು ಹೌದೆಂದು ತಲೆಯಾಡಿಸಿ ಗಂಜಿಗೆ ಕೂರುತ್ತಿದ್ದ. ದೋಣಿಗೆ ನೆನಪು ಬರುವುದು ಯಾರ ಕೈ ಸಡಿಲವಾದಾಗ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಹೆದರಿದವನ ಮಾನ ಮುಚ್ಚಲು ಹಿರಿಯರು ಹೊದಿಸಿದ ಬಟ್ಟೆ ಅದು. ನ್ಯಾಯ, ಧರ್ಮಶಾಸ್ತ್ರಗಳ ಪಾಠ ಹೇಳಿ ಬದುಕುವ ನನಗೂ ಆ ಸುಳ್ಳು ಎಂದೂ ಚುಚ್ಚಿರಲಿಲ್ಲ.

ನಾಡು ಸ್ವತಂತ್ರವಾಗಿ ಬಹಳ ಕಾಲವಾಗಿರಲಿಲ್ಲ. ದೂರದ ಅರಸರ ಬಾವುಟ ಇಳಿಸಿದ ದಿನ ನಾವೆಲ್ಲ ಬೆಲ್ಲ ಹಂಚಿದ್ದೆವು. ಅದೇ ದಿನ ಅವರ ಕಾವಲು ಹಡಗುಗಳೂ ನಮ್ಮ ನೀರಿನಿಂದ ಹೊರಟುಹೋದವೆಂಬುದು ಕಡಲುಗಳ್ಳರಿಗೆ ನಮಗಿಂತ ಮೊದಲೇ ತಿಳಿಯಿತು. ಹೊಸ ಬಾವುಟದ ಹಿಂದೆ ಒಂದು ಕತ್ತಿಯೂ ಇಲ್ಲವೆಂದು ಕಂಡುಕೊಂಡ ಅವರು ಮೊದಲು ಉಪ್ಪಿನ ದೋಣಿಗಳನ್ನು ಹಿಡಿದರು, ಆಮೇಲೆ ಮನುಷ್ಯರನ್ನು. ರಾಜಧಾನಿಯ ನಾಡಸಭೆ ಯೋಚಿಸಿ ಅವರಿಗೆ ವರ್ಷಕ್ಕೊಮ್ಮೆ ಕಪ್ಪ ಒಪ್ಪಿಸಲು ತೀರ್ಮಾನಿಸಿತು. ಕಪ್ಪವೆಂದರೆ ಹಗ್ಗ, ಹಾಯಿಬಟ್ಟೆ, ನಮ್ಮ ಬಡಗಿಗಳು ಕಟ್ಟಿದ ಹೊಸ ದೋಣಿಗಳು. ನಮ್ಮ ದೋಣಿಗಳಲ್ಲೇ ಕುಳಿತು ಕಳ್ಳರು ನಮ್ಮನ್ನು ಬೆನ್ನಟ್ಟಿದರು. ಒಂದು ಬೆಳಗ್ಗೆ ಅಂಥ ದೋಣಿಯೊಂದು, ಕುಡಿದು ಮೈಮರೆತ ಕಳ್ಳನೊಬ್ಬನನ್ನು ಹೊತ್ತು ತಾನಾಗಿ ನಮ್ಮ ದಡಕ್ಕೆ ಬಂದು ನಿಂತಿತು. ನಾವು ಮಾಡಿದ್ದೇನು? ಅವನು ಎಚ್ಚರಗೊಳ್ಳುವವರೆಗೆ ಕಾದು, ಬಿಸಿ ಗಂಜಿ ಉಪ್ಪಿನಕಾಯಿ ಕೊಟ್ಟು, ಚುಕ್ಕಾಣಿಯನ್ನು ಅವನ ಕೈಗೆ ಹಿಡಿಸಿ, ಕಳ್ಳರ ಬೀಡಾಗಿದ್ದ ದ್ವೀಪದ ದಿಕ್ಕನ್ನೂ ತೋರಿಸಿ ಕಳಿಸಿದೆವು. "ಉಪ್ಪಿನಕಾಯಿ ಚೆನ್ನಾಗಿತ್ತು" ಎಂದು ಹೇಳಿ ಹೋದ ಅವನು.

ಹಿಂದಿನ ವರ್ಷ ಹಿಡಿದೊಯ್ದವರಲ್ಲಿ ಹೊನ್ನಿಯ ತಮ್ಮನಿದ್ದ. ಹೊನ್ನಿ ನಮ್ಮೂರಿನ ಹೆಸರಾಂತ ತಾಂಡೇಲ ಜಟ್ಟಿಯ ಹೆಂಡತಿ. ದೋಣಿ ನಡೆಸುವ ಮುಖ್ಯಸ್ಥನಿಗೆ ನಮ್ಮಲ್ಲಿ ತಾಂಡೇಲನೆನ್ನುವುದು. ಜಟ್ಟಿ ಆಗ ಜ್ವರದಲ್ಲಿ ಮಲಗಿದ್ದ. ಹುಡುಕಲು ಹೋದ ಬೇರೆ ಎರಡು ದೋಣಿಗಳು ಸಂಜೆಯೊಳಗೆ ಹಿಂದಿರುಗಿದವು. ದಡದಲ್ಲಿ ಕುಸಿದು ಕುಳಿತವಳ ಬಳಿಗೆ ಹೋಗಿ ನಾನೇ ಹೇಳಿದ್ದೆ: "ದೋಣಿಗೆ ಮನೆ ನೆನಪಾಯಿತಂತೆ, ಹೊನ್ನಿ. ಏನು ಮಾಡಲಾದೀತು? ಭಗವಂತನ ಇಚ್ಛೆ." ಗಾಳಿ ತಿರುಗಿದ ಮೇಲೆ ಕಳ್ಳರು ಸೆರೆಯವರನ್ನೆಲ್ಲ ಯಾವುದೋ ದೂರದ ಸಂತೆಗೆ ಸಾಗಿಸಿದರು. ಅವನ ಸುದ್ದಿ ಮತ್ತೆ ಬರಲಿಲ್ಲ.

ಈ ವರ್ಷ, ನದಿಮುಖದ ದೇವಿಯ ದರ್ಶನಕ್ಕೆ ಹೊರಟ ಯಾತ್ರೆಯ ದೋಣಿಯನ್ನು ಕಳ್ಳರು ಹಿಡಿದರು. ಅದರಲ್ಲಿ ನನ್ನ ಅಕ್ಕ ತುಂಗಕ್ಕನಿದ್ದಳು. ತಾಯಿ ತೀರಿಹೋದ ಮೇಲೆ ನನ್ನನ್ನು ಎತ್ತಿ ಆಡಿಸಿದವಳು, ಬಾಲ್ಯದಲ್ಲೇ ವಿಧವೆಯಾಗಿ ನನ್ನ ಮನೆಯ ದೀಪವನ್ನು ಕಾಯುತ್ತಿದ್ದವಳು.

ಅಷ್ಟರಲ್ಲಿ ನಾಡಸಭೆಗೂ ಬುದ್ಧಿ ಬಂದು, ನಮ್ಮ ದಡದ ಮೇಲೆ ನಾಡಿನ ಮೊದಲ ಯುದ್ಧದ ಹಡಗು ಸಿದ್ಧವಾಗಿತ್ತು. ಅದನ್ನು ನಡೆಸಲು ರಾಜಧಾನಿಯಿಂದ ದಳವಾಯಿ ಮಲ್ಲರಸ ಬಂದಿದ್ದರು. ಬಯಲುಸೀಮೆಯ ಶೂರ, ಕುದುರೆಯ ಮೇಲೆ ಅವರನ್ನು ಮೀರಿಸಿದವರಿಲ್ಲವಂತೆ. ಕಡಲನ್ನು ಮೊದಲ ಸಲ ಕಂಡಾಗ "ಇಷ್ಟೊಂದು ನೀರು ಯಾರಿಗೂ ಉಪಯೋಗಿಲ್ಲದಂಗ ಬಿದ್ದೈತಲ್ರಿ" ಎಂದು ಮರುಗಿದ್ದರು. ಚುಕ್ಕಾಣಿಗೆ ಜಟ್ಟಿ, ಹುಟ್ಟು ಹಾಕಲು ಊರಿನ ಗಟ್ಟಿಮುಟ್ಟಾದ ಗಂಡಸರು, ಅವರ ಮುಂದಾಳಾಗಿ ಬಾಯಿಜೋರಿನ ಕುಪ್ಪ. ಸೆರೆಯವರನ್ನು ಗಾಳಿ ತಿರುಗುವ ಮೊದಲೇ ಬಿಡಿಸಿ ತರಬೇಕೆಂದು ಹಡಗು ಹೊರಟಿತು. ನಾನು ಸ್ವಸ್ತಿವಾಚನ ಮಾಡಿದೆ. ಹೊನ್ನಿ ದೂರದಲ್ಲಿ ನಿಂತು ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಹಡಗು ಹಿಂದಿರುಗಿತು. ಅದರ ಮೈಮೇಲೆ ಒಂದು ಗೀರೂ ಇರಲಿಲ್ಲ. ಅದು ಬರುವ ರೀತಿಯನ್ನು ನೋಡಿದೊಡನೆ ನಮಗೆಲ್ಲ ತಿಳಿಯಿತು. ಹುಟ್ಟುಗಳು ನೀರಿನಲ್ಲಿ ಸುಮ್ಮನೆ ಎಳೆದುಕೊಂಡು ಬರುತ್ತಿದ್ದವು. ಹಡಗು ಹಟ್ಟಿಗೆ ಮರಳುವ ದನದಂತೆ ತಲೆ ತಗ್ಗಿಸಿ ಬರುತ್ತಿತ್ತು. ವಾಂತಿಯಿಂದ ಕಂಗಾಲಾಗಿ ಒಳಗೆ ಮಲಗಿಬಿಟ್ಟಿದ್ದ ದಳವಾಯಿಗಳನ್ನು ಇಬ್ಬರು ಹಿಡಿದು ಇಳಿಸಿದರು. ಗಂಡಸರು ಒಬ್ಬೊಬ್ಬರಾಗಿ ಇಳಿದು, ಯಾರ ಮುಖವನ್ನೂ ನೋಡದೆ ನಿಂತರು.

"ಯಾಕ್ರೋ ತಿರುಗಿ ಬಂತು?" ಎಂದು ದಳವಾಯಿಗಳು ನೆಲದ ಮೇಲೆ ಕುಳಿತೇ ಗುಡುಗಿದರು.

"ಹಡಗಿಗೆ ಮನೆ ನೆನಪಾಯ್ತು, ಸ್ವಾಮಿ" ಎಂದ ಕುಪ್ಪ.

ಬೇರೆ ಊರಿನವರಾಗಿದ್ದರೆ ನಗುತ್ತಿದ್ದರೋ ಏನೋ. ಆದರೆ ಮಲ್ಲರಸರು ನಮ್ಮ ದೋಣಿಗಳ ಗುಣವನ್ನು ಬಂದ ದಿನದಿಂದ ಕೇಳುತ್ತಲೇ ಇದ್ದವರು. ಮಾತಿನ ಒಳಗುಟ್ಟು ಅವರಿಗೆ ತಿಳಿಯದು, ಅಕ್ಷರಶಃ ನಂಬಿಬಿಟ್ಟರು. ಮರುದಿನವೇ ದೇವಸ್ಥಾನದ ಮುಂದಿನ ಜಗಲಿಯಲ್ಲಿ ಸಭೆ ಕರೆದು ಹೇಳಿದರು: "ಹೇಡಿ ಹಡಗು ಇಟ್ಕೊಂಡು ಯುದ್ಧ ಮಾಡಾಕಾಗಂಗಿಲ್ಲ. ಇದನ್ನ ಇವತ್ತೇ ಕೊಯ್ಸಿ ಹಾಕ್ರಿ. ಬ್ಯಾರೆ ಸೀಮಿಯಿಂದ ಮರಾ ತರ್ಸಿ, ಬ್ಯಾರೆ ಬಡಗ್ಯಾರ ಕೈಲೆ ಹೊಸಾದು ಕಟ್ಸೋಣು."

"ಅದಕ್ಕೆ ಎಷ್ಟು ಕಾಲ ಬೇಕು?" ಎಂದು ಕೇಳಿದೆ.

"ಬರೂ ವರ್ಷದ ಹೊತ್ತಿಗೆ ಆಗತೈತಿ."

ಗಾಳಿ ತಿರುಗಲು ಒಂದು ಪಕ್ಷವೂ ಉಳಿದಿರಲಿಲ್ಲ. ಬಡಗಿಗಳು ಗರಗಸ ತರಲು ಎದ್ದರು. ಹುಟ್ಟು ಹಾಕಿದ ಗಂಡಸರೆಲ್ಲ ಜಗಲಿಯ ಕೆಳಗೆ ಕುಳಿತಿದ್ದರು. ಅವರಲ್ಲಿ ಒಬ್ಬನಾದರೂ ಬಾಯಿ ತೆರೆದಿದ್ದರೆ ಹಡಗು ಉಳಿಯುತ್ತಿತ್ತು. ತಾವೇ ಹೆಗಲು ಕೊಟ್ಟು ನೀರಿಗಿಳಿಸಿದ ಹಡಗಿಗೆ ಗರಗಸ ಬೀಳುವುದನ್ನು ನೋಡಲು ಸಿದ್ಧರಾಗಿದ್ದರೇ ಹೊರತು, ಆ ಹಳೆಯ ಹೊದಿಕೆಯನ್ನು ಮೈಮೇಲಿಂದ ತೆಗೆಯಲು ಒಬ್ಬನೂ ಸಿದ್ಧನಿರಲಿಲ್ಲ.

ನಾನು ಎದ್ದು ನಿಂತೆ. ತರ್ಕಪಾಠದಲ್ಲಿ ಮಾತನಾಡುವಂತೆಯೇ, ಒಂದೊಂದು ಪದವನ್ನೂ ತೂಗಿ ಹೇಳಿದೆ: "ದಳವಾಯಿಗಳೇ, ಕಾರಣವನ್ನು ನಿಶ್ಚಯಿಸಲು ಅನ್ವಯ, ವ್ಯತಿರೇಕಗಳೆಂದು ಎರಡು ದಾರಿಗಳಿವೆ. ಕೈ ಸರಿದಾಗ ನಮ್ಮ ದಡದಲ್ಲಿ ಕಟ್ಟಿದ ದೋಣಿ ತಿರುಗುತ್ತದೆ. ಕೈ ಇರುವಾಗ ಎಂದೂ ತಿರುಗದು. ನನ್ನ ಅಜ್ಜನ ಅಜ್ಜನ ಕಾಲದಿಂದಲೂ ತಿರುಗಿಲ್ಲ. ಆದ್ದರಿಂದ ದೋಷ ಮರದ್ದಲ್ಲ, ಕೈಯದು."

ತಲೆತಲಾಂತರದಿಂದ ಯಾರೂ ಆಡದ ಮಾತನ್ನು ದೇವರ ಮುಂದೆ ನಾನು ಆಡಿಬಿಟ್ಟಿದ್ದೆ. ಚುಕ್ಕಾಣಿ ಹಿಡಿದವನು ಒಬ್ಬನೇ. ಹೆಸರು ಹೇಳುವ ಅಗತ್ಯವೂ ನನಗೆ ಬೀಳಲಿಲ್ಲ.

ಜಟ್ಟಿ ನಿಧಾನವಾಗಿ ಎದ್ದ. ಒಮ್ಮೆ ಹಿಂದೆ ಕುಳಿತವರ ಕಡೆಗೆ ನೋಡಿದ. ಆಮೇಲೆ ನನ್ನ ಕಡೆಗೆ. "ಒಡೇರು ಹೇಳಿದ್ದು ಸಮ ಉಂಟು. ಹಡಗಿನ ತಪ್ಪಲ್ಲ. ಕೈ ನಂದು" ಎಂದ.

ಅವನ ಹಿಂದೆ ಕುಳಿತಿದ್ದವರ ಮುಖಗಳಲ್ಲಿ ಆಗ ಕಾಣಿಸಿಕೊಂಡ ನೆಮ್ಮದಿಯನ್ನು ನಾನು ಬೆಚ್ಚಿಬಿದ್ದ ಗಾಬರಿಯೆಂದೇ ತಿಳಿದೆ. ಮೊದಲು ಬಾಯಿ ಬಿಟ್ಟವನು ಕುಪ್ಪ. "ಥೂ! ತಾಂಡೇಲನಂತೆ ತಾಂಡೇಲ! ನಮ್ಮೆಲ್ಲರ ಮುಖಕ್ಕೆ ಮಸಿ ಬಳಿದೆಯಲ್ಲ ಮಾರಾಯ!" ಎಂದು ಉಗಿದ. ಉಳಿದವರೂ ದನಿಗೂಡಿಸಿದರು.

ಆದರೆ ಹೊನ್ನಿ ಜನರ ನಡುವಿನಿಂದ ದಾಟಿ ಬಂದು ನನ್ನೆದುರು ನಿಂತಳು. "ಒಂದು ಮಾತು ಕೇಳ್ತೆ, ಒಡೇರೆ. ನನ್ನ ತಮ್ಮನ ಸಲಕ್ಕೆ ದೋಣಿಗೆ ಮನೆ ನೆನಪಾಗಿತ್ತು. ನಿಮ್ಮ ಅಕ್ಕನ ಸಲಕ್ಕೆ ಕೈ ನೆನಪಾಯ್ತಾ?"

ಎದುರಾಳಿಯ ಪ್ರಶ್ನೆಗೆ ಉತ್ತರವಿಲ್ಲದೆ ನಿಲ್ಲುವುದಕ್ಕೆ ನಮ್ಮ ಶಾಸ್ತ್ರದಲ್ಲಿ ನಿಗ್ರಹಸ್ಥಾನವೆಂದು ಹೆಸರು. ನಾನು ನಿಂತದ್ದು ಅಲ್ಲಿಯೇ. ಆಡಿದ್ದು ಸತ್ಯವೇ, ಆದರೆ ಅದನ್ನು ಆಡಲು ನನಗೆ ಒಂದು ವರ್ಷ ಮತ್ತು ನನ್ನದೇ ಅಕ್ಕ ಬೇಕಾಗಿತ್ತು. ಕಣ್ಣು ತಗ್ಗಿಸಿ ಕುಳಿತೆ.

ದಳವಾಯಿಗಳಿಗೆ ನಮ್ಮ ನಾಚಿಕೆಗಳಲ್ಲಿ ಆಸಕ್ತಿಯಿರಲಿಲ್ಲ. "ಹಡಗು ಚಲೋ ಐತಿ ಅಂದಂಗಾತು. ಹಂಗಾದ್ರ ನಾಳೆ ಹೊರಡೋದ. ಚುಕ್ಕಾಣಿ ಯಾರು ಹಿಡೀತೀರಿ?" ಎಂದು ಕೇಳಿದರು. ಈಗ ತಾನೇ ಉಗಿದವರೆಲ್ಲ ಮರಳನ್ನು ನೋಡುತ್ತ ಕುಳಿತರು. ಜಟ್ಟಿ ನಿಂತೇ ಇದ್ದ. "ನಾನೇ ಹಿಡಿತೆ, ಸ್ವಾಮಿ. ನಂಬಿಕೆ ಇಲ್ಲದಿದ್ರೆ ಕೈ ಕಟ್ಟಿಹಾಕಿ" ಎಂದ.

ದಳವಾಯಿಗಳು ಅದನ್ನು ಮಾತಿನ ಮಾತೆಂದು ಬಿಡಲಿಲ್ಲ. ಮರುದಿನ ಅವನ ಎರಡೂ ಕೈಗಳನ್ನು ತೆಂಗಿನ ನಾರಿನ ಹಗ್ಗದಿಂದ ಚುಕ್ಕಾಣಿಯ ಹಿಡಿಗೆ ಬಿಗಿಸಿದರು. ಊರಿನ ದಡ ಮುಟ್ಟುವವರೆಗೆ ಬಿಚ್ಚಕೂಡದೆಂದು ಅಪ್ಪಣೆ ಮಾಡಿದರು. ತಮ್ಮನ್ನೂ ಹಾಯಿಕಂಬಕ್ಕೆ ಕಟ್ಟಿಸಿಕೊಂಡರೆಂಬುದನ್ನು ಇಲ್ಲಿ ಹೇಳಲೇಬೇಕು. ವಾಂತಿಯಾದರೂ ನಿಂತೇ ಮಾಡಿಕೊಳ್ಳುವೆನೆಂದರು. ಹೊನ್ನಿ ಗಂಡನ ಬಾಯಿಗೆ ಅವಲಕ್ಕಿಯ ತುತ್ತನ್ನಿಟ್ಟು, ಸೆರಗಿನಿಂದ ಅವನ ಮುಖ ಒರೆಸಿ ಇಳಿದಳು. ಈ ಸಲವೂ ಸ್ವಸ್ತಿವಾಚನ ಮಾಡಿದವನು ನಾನೇ.

ಹಡಗು ಗೆದ್ದು ಬಂತು. ಕಳ್ಳರ ದೊಡ್ಡ ದೋಣಿಯ ಪಕ್ಕೆಗೆ ನೇರವಾಗಿ ನುಗ್ಗಿ, ಅದನ್ನು ಇಬ್ಭಾಗ ಮಾಡಿ, ದ್ವೀಪಕ್ಕೆ ಇಳಿದು ಸೆರೆಯವರನ್ನು ಬಿಡಿಸಿ ತಂದರು. ತುಂಗಕ್ಕ ಇಳಿದು ಬಂದಾಗ ಅವಳ ಸೀರೆ ಉಪ್ಪಿನಿಂದ ಹಪ್ಪಳದಂತಾಗಿತ್ತು. ಊರೆಲ್ಲ ಕುಣಿಯುತ್ತಿತ್ತು. ಕೊನೆಗೆ ಯಾರಿಗೋ ಜಟ್ಟಿಯ ನೆನಪಾಗಿ ಹಗ್ಗ ಬಿಚ್ಚಲು ಹೋದರು. ಅಲೆಯ ನೀರು ಕುಡಿದ ಹಗ್ಗ ಬಿಗಿಯುತ್ತ ಬಿಗಿಯುತ್ತ ಮಾಂಸದೊಳಗೆ ಇಳಿದುಬಿಟ್ಟಿತ್ತು. ಚಾಕುವಿನಿಂದ ಕೊಯ್ದು ತೆಗೆಯಬೇಕಾಯಿತು. ವೈದ್ಯರು ಕೈಗಳನ್ನು ಉಳಿಸಿದರು. ಬೆರಳುಗಳು ಮಾತ್ರ ಹಿಡಿಯನ್ನು ಹಿಡಿದ ಹಾಗೆಯೇ ಮಡಚಿ ನಿಂತವು; ಮತ್ತೆ ಬಿಚ್ಚಿಕೊಳ್ಳಲಿಲ್ಲ.

ದಳವಾಯಿಗಳು ನನ್ನನ್ನು ಕರೆಸಿ, ನಾಡಿನ ನೌಕಾದಳಕ್ಕೆ ಮೊದಲ ನಿಯಮವನ್ನು ಘನವಾದ ಮಾತುಗಳಲ್ಲಿ ರಚಿಸಿಕೊಡಲು ಹೇಳಿದರು: ಯುದ್ಧಕ್ಕೆ ಹೊರಡುವ ಪ್ರತಿ ಹಡಗಿನಲ್ಲೂ ಚುಕ್ಕಾಣಿ ಹಿಡಿದವನ ಕೈಗಳನ್ನು ಮಂತ್ರಪೂರ್ವಕವಾಗಿ ಬಂಧಿಸತಕ್ಕದ್ದು. ನಾನು ಛಂದಸ್ಸಿಗೆ ಕೂಡಿಸಿ ಬರೆದುಕೊಟ್ಟೆ. ಪದಗಳು ಚೆನ್ನಾಗಿಯೇ ಬಂದವು. ಕೆಲವು ದಿನಗಳ ಮೇಲೆ ಅದನ್ನು ಮನೆಯ ಜಗಲಿಯಲ್ಲಿ ಕುಳಿತು ಮತ್ತೊಮ್ಮೆ ಓದಿಕೊಳ್ಳುತ್ತಿದ್ದಾಗ ತುಂಗಕ್ಕ ಹೂವಿನ ಬುಟ್ಟಿಯೊಂದಿಗೆ ಬಂದು ಕೇಳಿಸಿಕೊಂಡಳು.

"ತಮಾ, ಚುಕ್ಕಾಣಿಯವನ ಕೈ ಕಟ್ಟುವುದು ಎಂತಕ್ಕೆ?"

"ಮೊದಲ ಸಲ ಅವನು ಕೈ ಬಿಟ್ಟನಲ್ಲ, ಅಕ್ಕ."

ಅವಳು ಬುಟ್ಟಿಯನ್ನು ಕೆಳಗಿಟ್ಟಳು. "ಯಾರು ಹೇಳಿದ್ದು ನಿನಗೆ? ನಾವು ದ್ವೀಪದ ಗುಡ್ಡದ ಮೇಲಿಂದ ನೋಡ್ತಾ ಇದ್ದೆವು ಮಾರಾಯ. ನಮ್ಮ ಹಡಗು ಬಂತು ಅಂತ ಎಲ್ಲರೂ ಅಳ್ತಾ ನಗ್ತಾ ನಿಂತಿದ್ದೆವು. ಕಳ್ಳರ ದೋಣಿ ಕಣ್ಣಿಗೆ ಬಿದ್ದದ್ದೇ ತಡ, ಮುಂದಿನ ಒಂದು ಹುಟ್ಟು ಮೇಲೆ ಎದ್ದಿತು. ಅದನ್ನು ನೋಡಿ ಅದರ ಹಿಂದಿನದ್ದು. ಆಮೇಲೆ ಎರಡೂ ಕಡೆಯದ್ದೆಲ್ಲ ಎದ್ದವು. ಒಂದೂ ನೀರಿಗೆ ಇಳಿಯಲಿಲ್ಲ. ಆದರೂ ಹಡಗಿನ ಮುಖ ನಮ್ಮ ಕಡೆಗೇ ಇತ್ತು. ನಾನು ಒಂದು ಸಹಸ್ರನಾಮ ಪೂರ್ತಿ ಹೇಳಿ ಮುಗಿಸಿದೆ, ಆಗಲೂ ಇತ್ತು. ಒಬ್ಬನೇ ಹಿಡಿದುಕೊಂಡಿದ್ದ, ತಮಾ. ಹುಟ್ಟು ಹಾಕುವವರಿಲ್ಲದೆ ಅವನು ಇನ್ನೆಷ್ಟು ಹೊತ್ತು ಹಿಡಿದಾನು?"

ಘಟವೆಂಬ ಕಾರ್ಯಕ್ಕೆ ಕುಂಬಾರನೊಬ್ಬನೇ ಕಾರಣನಲ್ಲ, ಚಕ್ರವೂ ದಂಡವೂ ಮಣ್ಣೂ ಕಾರಣಗಳೇ ಎಂಬುದು ತರ್ಕದ ಮೊದಲ ಪಾಠ. ಅದನ್ನು ನಾನು ತಲೆಮಾರುಗಳಿಗೆ ಕಲಿಸಿದ್ದೆ. ದೇವರ ಮುಂದೆ ನಿಂತು ಹೇಳಬೇಕಾದ ಹೊತ್ತಿನಲ್ಲಿ, ಹಡಗು ತಿರುಗಿದ ಕೊನೆಯ ಕ್ಷಣವನ್ನಷ್ಟೇ ಹಿಡಿದು, ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತವನನ್ನು ಬೊಟ್ಟುಮಾಡಿ ತೋರಿಸಿದ್ದೆ.

ಹಾಗೆಯೇ ಎದ್ದು ದಳವಾಯಿಗಳ ಬಿಡಾರಕ್ಕೆ ಹೋದೆ. ಅವರು ಎಲ್ಲವನ್ನೂ ಕೇಳಿ ಮೀಸೆ ತಿರುವಿದರು. "ಇರಬೌದ್ರಿ. ಆದ್ರ ನಿಯಮದ ಪ್ರತಿ ರಾಜಧಾನಿ ಮುಟ್ಟೇತಿ. ನಾಡಸಭಾದಾಗ ಎದ್ದು ನಿಂತು ಚಪ್ಪಾಳಿ ಹೊಡದಾರಂತ. ಮತ್ತ ನೀವ ಹೇಳ್ರಿ, ಹುಟ್ಟಿನವರ ಕೈ ಕಟ್ಟಿದ್ರ ಹುಟ್ಟು ಹಾಕೋರು ಯಾರು? ಒಬ್ಬನ ಕೈ ಕಟ್ಟೋದು ಸಸಾರ ಕೆಲಸ."

ಅಲ್ಲಿಂದ ಜಟ್ಟಿಯ ಗುಡಿಸಲಿಗೆ ನಡೆದೆ. ಹೊನ್ನಿ ಅವನಿಗೆ ಮೀನುಸಾರು ಕಲಸಿದ ಅನ್ನವನ್ನು ತಿನ್ನಿಸುತ್ತಿದ್ದಳು. ನನ್ನನ್ನು ಕಂಡು ಅವನು ಬಾಯಿ ಮುಚ್ಚಿಕೊಂಡ; ಮಡಚಿದ ಕೈಗಳನ್ನು ಪಂಚೆಯ ಕೆಳಗೆ ಸರಿಸಿದ. ಹೊನ್ನಿ ಮಣೆ ಕೊಡಲಿಲ್ಲ. ನಾನು ಹೊಸ್ತಿಲ ಹೊರಗೆ ನೆಲದ ಮೇಲೆ ಕುಳಿತೆ.

"ಜಟ್ಟಿ, ಅವತ್ತು ಯಾಕೆ ಹೇಳಲಿಲ್ಲ? ಹುಟ್ಟು ಮೊದಲು ಎತ್ತಿದ್ದು ಅವರು."

"ಅಕ್ಕೋರು ನೋಡಿದ್ರಾ?" ಎಂದು ಅವನು ಮೆಲ್ಲಗೆ ಕೇಳಿದ. ಆಮೇಲೆ ಹೇಳಿದ: "ಎಲ್ಲರ ಹೆಸರೂ ಹೇಳ್ತಾ ಕೂತಿದ್ರೆ ಮರುದಿನ ಹುಟ್ಟಿಗೆ ಬರೂದು ಯಾರು, ಒಡೇರೆ? ಮನೆಮನೆಯಲ್ಲೂ ಬಾಗಿಲು ಹಾಕಿ ಕೂತ್ಕೊಳ್ತಿದ್ರು. ಹಡಗು ಹೊರಡಬೇಕಿತ್ತು. ನಿಮ್ಮ ಅಕ್ಕೋರು ಬರಬೇಕಿತ್ತು."

"ನಾಳೆ ಜಗಲಿಯ ಮೇಲೆ ನಿಂತು ನಾನು ಎಲ್ಲವನ್ನೂ ಹೇಳುತ್ತೇನೆ."

"ಈಗ ಬೇಡ" ಎಂದ ಅವನು, ಗಾಬರಿಯಾದವನಂತೆ. "ಈಗ ಅವ್ರು ನನ್ನ ಮುಖ ನೋಡೂದಿಲ್ಲ, ಆದ್ರೆ ಹುಟ್ಟು ಹಾಕ್ತಾರೆ. ಎಂತಾ ಹಾಕ್ತಾರೆ ಗೊತ್ತಾ! ಎಲ್ಲರೆದುರು ಬೈದು ಆ ಒಳಗಿನ ನಾಚಿಕೆ ಬಿಡಿಸಿದ್ರೆ ಮತ್ತೆ ಮೊದಲಿನ ಹಾಗೇ ಆಗ್ತಾರೆ."

"ಇವರಿಗೆ ಸುಮ್ಮನಿರೂದು ಹೇಳಿಕೊಡೂದು ಬೇಡ" ಎಂದಳು ಹೊನ್ನಿ, ನನ್ನ ಕಡೆಗೆ ತಿರುಗದೆಯೇ. "ಅವರಿಗೆ ಬರ್ತದೆ."

ನಾನು ಎದ್ದು ಬಂದೆ. ಅಂದಿನಿಂದ ನಾನು ಬಲ್ಲ ಸತ್ಯವನ್ನು ಬಾಯಲ್ಲಿಟ್ಟುಕೊಂಡೇ ಊರಿನಲ್ಲಿ ತಿರುಗುತ್ತಿದ್ದೇನೆ. ತುಂಗಕ್ಕ ಮಾತ್ರ ಜಟ್ಟಿಯ ಮನೆಗೆ ನಡುಹಗಲಿನಲ್ಲೇ, ಎಲ್ಲರೂ ನೋಡುವಂತೆ ಹೋಗುತ್ತಾಳೆ. ಅವನ ಬೆರಳುಗಳಿಗೆ ಎಣ್ಣೆ ತಿಕ್ಕಿ ಬರುತ್ತಾಳೆ. ಮಡಿಯ ಮಾತೆತ್ತಿದವರಿಗೆ "ನನ್ನ ಮಡಿಯೆಲ್ಲ ಆ ಕೈಯಲ್ಲಿದೆ" ಎನ್ನುತ್ತಾಳೆ. ನನಗೆ ಇನ್ನೊಮ್ಮೆ ಆ ಹೊಸ್ತಿಲಿನವರೆಗೆ ಹೋಗಲು ಆಗಿಲ್ಲ.

ನೌಕಾದಳ ಬೆಳೆಯಿತು. ಎರಡನೆಯ ಹಡಗು ನೀರಿಗಿಳಿದ ದಿನ ರಾಜಧಾನಿಯಿಂದ ಗಣ್ಯರು ಬಂದಿದ್ದರು; ಬಂಧನಕ್ಕೆಂದು ರೇಷ್ಮೆಯ ಹಗ್ಗವನ್ನು ತಂದಿದ್ದರು. ಮೊದಲ ಗೆಲುವಿನ ವೀರನೆಂದು ಹೊಗಳಿಸಿಕೊಂಡ ಕುಪ್ಪನೇ ಅದಕ್ಕೆ ತಾಂಡೇಲ. ನಿಯಮದಂತೆ ಕೈ ಕಟ್ಟುವ ಪುರೋಹಿತ ನಾನೇ. ಕುಪ್ಪ ನಗುತ್ತ ಚುಕ್ಕಾಣಿಯ ಹಿಡಿಯ ಮೇಲೆ ಕೈಗಳನ್ನಿಟ್ಟ. ನಾನು ಬರೆದ ಶ್ಲೋಕವನ್ನೇ ಹೇಳುತ್ತ ಹಗ್ಗವನ್ನು ಸುತ್ತಿದೆ. ಜಟ್ಟಿಯ ಮಣಿಕಟ್ಟು ನೆನಪಿಗೆ ಬಂದು, ಗಂಟನ್ನು ಸಡಿಲವಾಗಿಯೇ ಹಾಕಿದೆ.

ಅವನು ತಲೆ ಬಗ್ಗಿಸಿದ. ದಡದವರಿಗೆ ಅದು ನಮಸ್ಕಾರದಂತೆ ಕಂಡಿರಬೇಕು. ನನಗೊಬ್ಬನಿಗೇ ಕೇಳುವಂತೆ, ನಗು ಮಾಸದ ತುಟಿಯಲ್ಲೇ ಹೇಳಿದ: "ಬಿಗಿಯಾಗಿ ಕಟ್ಟಿ, ಒಡೇರೆ. ಅವತ್ತಿನ ಹುಟ್ಟಿನ ವಿಷಯ ನಿಮಗೆ ಗೊತ್ತುಂಟು ಅಂತ ನನಗೂ ಗೊತ್ತುಂಟು. ಸಡಿಲ ಇದ್ರೆ ನಾನು ಬಿಟ್ಟುಬಿಡ್ತೆ."

ಅವನ ಕಣ್ಣುಗಳನ್ನು ನೋಡಿದೆ. ಅವು ನನ್ನ ಕಣ್ಣುಗಳಂತೆಯೇ ಇದ್ದವು. ಗಂಟು ಬಿಚ್ಚಿ, ಇನ್ನೊಂದು ಸುತ್ತು ಸುತ್ತಿ, ಮೊಣಕಾಲು ಊರಿ ಎಳೆದೆ. ನೋವಿನಿಂದ ಅವನ ದವಡೆ ಬಿಗಿದುಕೊಂಡಿತು. ದಡದಲ್ಲಿ ಜಯಕಾರ ಎದ್ದಿತು; ನಾನು ಶ್ಲೋಕವನ್ನು ನಿಲ್ಲಿಸದೆ ಹೇಳಿ ಮುಗಿಸಿದೆ.